ಬೋರ್ಡಿನಲ್ಲಿ ಬರೆದಿದ್ದ ರಾಜನ ನೆಗೆತ

ಹೇಳಿಕೆ ಕೊಡುವವರು: ಸುಜಾತಾ ಗಂಡ ಆನಂದಕುಮಾರ, ವಯಸ್ಸು 46 ವರ್ಷ, ಉದ್ಯೋಗ ಫಿಸಿಯೋಥೆರಪಿಸ್ಟ್, ಸಾಕಿನ್ ಜೇವರ್ಗಿ ಕಾಲೋನಿ, ಕಲಬುರಗಿ.

ದಿನಾಂಕ 14-02-2025, ಶುಕ್ರವಾರ ಬೆಳಿಗ್ಗೆ 10-30ಕ್ಕೆ ನಾನು ಠಾಣೆಗೆ ಬಂದು, ನನ್ನ ಅತ್ತೆಯವರು ಒಂದು ಅಂಗಡಿಯ ಜಾಹೀರಾತು ಬೋರ್ಡನ್ನು ಕದ್ದಿದ್ದಾರೆ ಎಂದು ನಿನ್ನೆ ಬಂದಿರುವ ದೂರಿನ ಬಗ್ಗೆ ನನಗೆ ತಿಳಿದಿರುವುದನ್ನು ಈ ಮೂಲಕ ತಿಳಿಸುವುದೇನೆಂದರೆ:

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಬಹುದೇ ಎಂದು ಕೇಳಿದೆ. ಹೆಡ್ ಕಾನ್‌ಸ್ಟೆಬಲ್ ಭಾಗಮ್ಮ ಅವರು ಕನ್ನಡದಲ್ಲೇ ಹೇಳಿ, ಮುಖ್ಯವಾದ ಕಡೆ ಯಾರು ಏನಂದರೋ ಅದನ್ನು ಅವರ ಬಾಯಿಮಾತಿನಲ್ಲೇ ಹೇಳಿ, ನಡುವೆ ನೀವು ತಿದ್ದಬೇಡಿ ಎಂದರು. ಹಾಗೆಯೇ ಹೇಳುತ್ತಿದ್ದೇನೆ.

ನನ್ನ ಅತ್ತೆ ಮಾನಮ್ಮ ಗಂಡ ದಿವಂಗತ ಯಂಕಪ್ಪ, ವಯಸ್ಸು 73 ವರ್ಷ, ಕಮಲಾಪುರದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ನಿವೃತ್ತರಾದವರು. ಈಗ ನಮ್ಮೊಂದಿಗೆ ಜೇವರ್ಗಿ ಕಾಲೋನಿಯಲ್ಲಿದ್ದಾರೆ. ನನ್ನ ಗಂಡ ಅಂಚೆ ಇಲಾಖೆಯಲ್ಲಿದ್ದು ಸದ್ಯ ಬೀದರಿನಲ್ಲಿರುವುದರಿಂದ ವಾರದ ದಿನಗಳಲ್ಲಿ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ. ಕಮಲಾಪುರದ ಬಷೀರುನ್ನೀಸಾ ಅವರು ಅತ್ತೆಯವರಿಗಿಂತ ಒಂದು ವರ್ಷ ದೊಡ್ಡವರು, ಅದೇ ಕೇಂದ್ರದಲ್ಲಿ ನರ್ಸ್ ಆಗಿದ್ದವರು. ಅತ್ತೆಯವರು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾರೆ.

ಇವರಿಬ್ಬರೂ ಚೆಸ್ ಆಡುತ್ತಾರೆ. ಬಷೀರುನ್ನೀಸಾ ಅವರ ತಂದೆ ದರ್ಜಿಯಾಗಿದ್ದರು, ಆಟ ಕಲಿಸಿದವರು ಅವರೇ. ಹೆರಿಗೆಗೆ ಬಂದವರಿಗೆ ನೋವು ಜೋರಾಗುವುದನ್ನು ಕಾಯುವ ಹೊತ್ತಿನಲ್ಲಿ ಇಬ್ಬರೂ ಚೆಸ್ಸಿನ ಮನೆಗಳಿರುವ ಬಟ್ಟೆಯ ಹಾಸು ಬಿಡಿಸಿಕೊಂಡು ಕೂರುತ್ತಿದ್ದರಂತೆ. ಕೂಸು ಹುಟ್ಟಿದ್ದಕ್ಕೆ ಅರ್ಧಕ್ಕೆ ನಿಂತ ಆಟಗಳು ಎಷ್ಟೋ ಇವೆ. ಕಮಲಾಪುರದಲ್ಲಿ ಕೆಲವರನ್ನು ಕಂಡಾಗ ಅತ್ತೆಯವರು, ಇವನು ಹುಟ್ಟಿದ ದಿನ ನಾನು ಗೆಲ್ಲುತ್ತಿದ್ದೆ ಎಂದು ಈಗಲೂ ಹೇಳುತ್ತಾರೆ.

ಅವರ ಆಟದ ನಿಯಮ ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ಬೇರೆ. ಪ್ಯಾದೆ, ಅಂದರೆ ಕಾಲಾಳು, ಒಂದು ಸಲಕ್ಕೆ ಒಂದೇ ಮನೆ ಮುಂದೆ ಹೋಗುತ್ತದೆ. ರಾಜನಿಗೆ ಇನ್ನೂ ಶಹ, ಅಂದರೆ ಚೆಕ್, ಬಿದ್ದಿಲ್ಲದಿದ್ದರೆ, ಇಡೀ ಆಟದಲ್ಲಿ ಒಂದು ಸಲ ಅವನು ಕುದುರೆಯಂತೆ ನೆಗೆಯಬಹುದು. ಮದುವೆಯಾಗಿ ಬಂದ ಹೊಸತರಲ್ಲಿ ಇದು ತಪ್ಪು ನಿಯಮ ಎಂದು ನಾನು ಹೇಳಿದ್ದೆ. ನಿನ್ನ ನಿಯಮ ಮಾಡಿದವರು ಯಾರು ಎಂದು ಅತ್ತೆಯವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ನಿವೃತ್ತಿಯ ನಂತರವೂ ಪ್ರತಿ ಗುರುವಾರ ಅತ್ತೆಯವರು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಆಡಿ ಸಂಜೆ ಬರುತ್ತಿದ್ದರು. ಕಳೆದ ಆಗಸ್ಟಿನಲ್ಲಿ ಅವರ ಬಲ ಮೊಣಕಾಲಿನ ಆಪರೇಷನ್ ಆಯಿತು. ಬಸ್ಸು ಹತ್ತಬಾರದು ಎಂದು ತಡೆದವಳು ನಾನು. ಮೊದಲು ಮೂರು ತಿಂಗಳು ಎಂದೆ, ಆಮೇಲೆ ಇನ್ನೊಂದು, ಮತ್ತೆ ಇನ್ನೊಂದು. ಕೊನೆಯ ಎರಡು ತಿಂಗಳು ನಾನು ತಡೆದದ್ದು ಮೊಣಕಾಲಿನ ಸ್ಥಿತಿ ನೋಡಿಯೋ ನನ್ನ ಹೆದರಿಕೆಯಿಂದಲೋ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ.

ಆ ತಿಂಗಳುಗಳಲ್ಲಿ ಇಬ್ಬರೂ ಫೋನಿನಲ್ಲಿ ಆಡಿದರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹಾಸು. ನಡೆಯನ್ನು ಬಾಯಲ್ಲಿ ಹೇಳುವುದು, ಇನ್ನೊಬ್ಬರು ಕೇಳಿ ಕಾಯಿ ಸರಿಸುವುದು. ಅರ್ಧ ಗಂಟೆಯೊಳಗೆ ಇಲ್ಲಿನ ಆಟ ಒಂದಾದರೆ ಅಲ್ಲಿನದು ಇನ್ನೊಂದಾಗಿರುತ್ತಿತ್ತು.

"ಆಪಾ, ನಿನ್ನ ಆನಿ ಅಲ್ಲಿಗಿ ಹ್ಯಾಂಗ ಬಂತು? ಅದನ್ನ ನಾ ಮುಂಜಾನೇ ಹೊಡ್ದೀನಿ."

"ಹೊಡ್ದಿದ್ರ ಇಲ್ಲಿ ಹ್ಯಾಂಗ ನಿಂತದ? ಎದ್ದು ಬಂದದೇನು?"

ಫೋನು ಇಟ್ಟ ಮೇಲೆ ಅತ್ತೆಯವರು ಒಂದು ದಿನ ಮಾತಾಡುತ್ತಿರಲಿಲ್ಲ. ಎರಡನೆಯ ದಿನ ಅವರೇ ಫೋನು ಮಾಡುತ್ತಿದ್ದರು.

ದಿನಾಂಕ 03-02-2025, ಸೋಮವಾರ ಸಂಜೆ, ಶರಣಬಸವೇಶ್ವರ ದೇವಸ್ಥಾನದ ಕಡೆ ಹೋಗುವ ರಸ್ತೆಯಲ್ಲಿರುವ ಸುನೀಲಕುಮಾರ ಅವರ ಕಂಪ್ಯೂಟರ್ ಅಂಗಡಿಯ ಮುಂದೆ, ಫುಟ್‌ಪಾತಿನ ಕಂಬಕ್ಕೆ ಹಗ್ಗದಿಂದ ಕಟ್ಟಿದ ಒಂದು ಬೋರ್ಡನ್ನು ನೋಡಿದೆ. ಕಟ್ಟಿಗೆಯ ಫ್ರೇಮು, ಅಂದಾಜು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಅದು ಒಂದು ಚೆಸ್ ಸಾಫ್ಟ್‌ವೇರಿನ ಜಾಹೀರಾತು. ಅದರಲ್ಲಿ ಮೂರು ಸಾಲು ಇದ್ದವು. ಎರಡು ಊರಿನವರು ಒಂದೇ ಆಟ ಆಡಬಹುದು. ಕನ್ನಡದಲ್ಲಿ ಮಾತಾಡುತ್ತದೆ. ನಮ್ಮ ದೇಸಿ ಆಟದ ನಿಯಮವೂ ಉಂಟು, ರಾಜನಿಗೆ ಒಂದು ಸಲ ಕುದುರೆ ನೆಗೆತ.

ಮೂರನೆಯ ಸಾಲನ್ನು ನಾನು ಎರಡು ಸಲ ಓದಿದೆ. ಈ ನಿಯಮ ನಮ್ಮ ಮನೆಯ ಹಾಸಿನ ಆಚೆಗೂ ಇದೆ ಎಂದು ನನಗೆ ಅಂದೇ ತಿಳಿದದ್ದು. ಆ ಒಂದು ಸಾಲಿಗಾಗಿ ಕೊಂಡೆ. ಬಿಲ್ ಪಡೆದಿದ್ದೇನೆ, ಅದರ ಪ್ರತಿಯನ್ನು ಈ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ಅಂಗಡಿಯಲ್ಲಿ ಅದನ್ನು ಹಾಕಿಸಿ ತೋರಿಸಿ ಎಂದು ನಾನು ಕೇಳಲಿಲ್ಲ. ಬೋರ್ಡಿನಲ್ಲಿ ಬರೆದದ್ದನ್ನು ನಂಬುವುದು ಗ್ರಾಹಕರ ತಪ್ಪಲ್ಲ ಎಂದು ಈಗ ಓದಿ ತಿಳಿದಿದ್ದೇನೆ. ಆದರೂ ಕೇಳಬೇಕಿತ್ತು ಎನಿಸುತ್ತದೆ.

ಅದನ್ನು ನಮ್ಮ ಟ್ಯಾಬಿನಲ್ಲಿ ಹಾಕಿದೆ. ಕಮಲಾಪುರದಲ್ಲಿ ಬಷೀರುನ್ನೀಸಾ ಅವರ ಸೊಸೆ ಮುನೀರಾ ತನ್ನ ಮೊಬೈಲಿನಲ್ಲಿ ಹಾಕಿಕೊಂಡಳು.

ದಿನಾಂಕ 06-02-2025, ಗುರುವಾರ ಮಧ್ಯಾಹ್ನ ಮೊದಲ ಆಟ ಶುರುವಾಯಿತು. ಒಂದು ತಾಸಿನವರೆಗೆ ಎಲ್ಲ ಸರಿಯಾಗಿತ್ತು. ಬಷೀರುನ್ನೀಸಾ ಅವರ ವಜೀರ, ಅಂದರೆ ರಾಣಿ, ಮತ್ತು ಆನೆ ಅತ್ತೆಯವರ ರಾಜನನ್ನು ಒಂದು ಮೂಲೆಗೆ ಒತ್ತಿದ್ದವು. ಆದರೆ ಅದುವರೆಗೂ ಶಹ ಬಿದ್ದಿರಲಿಲ್ಲ. ಅತ್ತೆಯವರು ನಗುತ್ತಿದ್ದರು. ಆಪಾ ಮರೆತಿದ್ದಾಳೆ, ನನ್ನ ನೆಗೆತ ಇನ್ನೂ ಬಾಕಿ ಇದೆ ಎಂದು ನನಗೆ ಪಿಸುಮಾತಿನಲ್ಲಿ ಹೇಳಿದರು. ಬೆರಳಿನಿಂದ ರಾಜನನ್ನು ಎಳೆದು ಕುದುರೆಯ ನಡೆಯಲ್ಲಿ ಒಂದು ಮನೆಗೆ ಇಟ್ಟರು. ರಾಜ ಟುಂಯ್ ಎಂದು ಹಿಂದಿನ ಮನೆಗೇ ಬಂದ. ಮತ್ತೆ ಇಟ್ಟರು. ಮತ್ತೆ ಬಂದ. ಬೆರಳು ಒದ್ದೆ ಇರಬಹುದೆಂದು ಸೀರೆಗೆ ಒರೆಸಿಕೊಂಡು ಇಟ್ಟರು. ನಾನು ಸೆಟ್ಟಿಂಗಿನಲ್ಲಿ ದೇಸಿ ನಿಯಮ ಎಲ್ಲಿದೆ ಎಂದು ಹುಡುಕಿದೆ. ಅಲ್ಲಿ ಬಣ್ಣ ಬದಲಿಸುವುದಿತ್ತು, ಸದ್ದು ಬದಲಿಸುವುದಿತ್ತು, ನಿಯಮ ಬದಲಿಸುವುದು ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಆ ನಡೆಗೆ ಯಂತ್ರ ಕೊಟ್ಟಿದ್ದ ಸಮಯ ಮುಗಿಯಿತು. ನೀವು ಸೋತಿದ್ದೀರಿ ಎಂದು ಒಂದು ಹೆಣ್ಣು ದನಿ ಹೇಳಿತು. ಕಾಯಿಗಳೆಲ್ಲ ಮಾಯವಾದವು.

ಅತ್ತೆಯವರು ಟ್ಯಾಬಿಗೆ, "ಯಾರ್ ಹೇಳಿದ್ರು ನಿನಗ?" ಎಂದು ಕೇಳಿದರು.

ಕೂಡಲೇ ಬಷೀರುನ್ನೀಸಾ ಅವರ ಫೋನು ಬಂತು. ಗೆದ್ದವರು ಸಂತೋಷಪಡಲು ಫೋನು ಮಾಡಿದ್ದಾರೆ ಎಂದುಕೊಂಡೆ. ಅವರು ಸಿಟ್ಟಿನಲ್ಲಿದ್ದರು.

"ಮಾನಾ, ಇದೇನಿದು? ನಾ ಗೆದ್ದೀನಿ ಅಂತ ಹೇಳ್ಲಾಕತ್ತದ. ನಾ ಎಲ್ಲಿ ಗೆದ್ದೀನಿ? ನಿನ್ನ ನೆಗತ ಉಳ್ದಿತ್ತಲ್ಲ. ನನಗೇನು ಮರವಾಗಿತ್ತಂತ ತಿಳ್ಕೊಂಡೀಯೇನು? ನೀ ಎಲ್ಲಿ ನೆಗೀತಿ ಅಂತ ನಾ ಆಗ್ಲೇ ನೋಡಿಟ್ಟಿದ್ದೆ."

ಆ ಆಟವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಇಬ್ಬರೂ ಒಪ್ಪಿದರು. ಹೊಸ ಆಟ ಶುರು ಮಾಡಿ ಎಂದು ನಾನು ಹೇಳಿದ್ದನ್ನು ಇಬ್ಬರೂ ಒಪ್ಪಲಿಲ್ಲ. ಅದು ಮುಗಿಯದೆ ಇನ್ನೊಂದು ಹೇಗೆ ಶುರುವಾಗುತ್ತದೆ ಎಂದರು.

ದಿನಾಂಕ 07-02-2025ರ ಸಂಜೆ ನಾನು ಅತ್ತೆಯವರನ್ನು ಕಾರಿನಲ್ಲಿ ಕರೆದುಕೊಂಡು ಅಂಗಡಿಗೆ ಹೋದೆ. ಸುನೀಲಕುಮಾರ ಅವರು ಕುರ್ಚಿ ಹಾಕಿಸಿ, ನೀರು ಕೊಟ್ಟು, ನಾವು ಹೇಳಿದ್ದನ್ನು ಪೂರ್ತಿ ಕೇಳಿದರು ಎಂಬುದನ್ನು ಇಲ್ಲಿ ಹೇಳಬೇಕು. ಅವರೂ ಹುಡುಕಿದರು, ನೆಗೆತ ಸಿಗಲಿಲ್ಲ. ಹಣ ವಾಪಸ್ ಕೊಡುತ್ತೇನೆ, ಮಾತು ಮುಗಿಸೋಣ ಎಂದರು.

"ರೊಕ್ಕ ಯಾರ್ ಕೇಳ್ಯಾರ ತಮ್ಮಾ? ಬೋರ್ಡಿನ್ಯಾಗ ಬರ್ದದ್ದು ಕೊಡು."

"ಅಮ್ಮಾರ, ಅದು ನಾ ಬರ್ದದ್ದಲ್ರೀ. ಕಂಪನ್ಯಾವ್ರು ಬರ್ದು ಕಳ್ಸ್ಯಾರ. ನಾ ಬರೇ ಕಟ್ಟೀನಿ."

"ಕಟ್ಟೂ ಮುಂದ ಓದಿಲ್ಲೇನು?"

"ಓದೀನ್ರಿ. ಓದಿ ಛಲೋ ಅದ ಅಂತೇ ಕಟ್ಟೀನಿ."

"ಛಲೋ ಅದ ಅಂತೇ ನಾವೂ ತಗೊಂಡೀವಿ."

ಕಂಪನಿಗೆ ಫೋನು ಮಾಡಿ ಕೇಳುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಅವರು ಹೇಳಿದ್ದರಿಂದ ವಾಪಸ್ ಬಂದೆವು.

ಮನೆಯಲ್ಲಿ ನಾನು ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ವಿಚಾರಿಸಿದೆ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಬಿಲ್ಲು, ಡಬ್ಬಿ ಮತ್ತು ಜಾಹೀರಾತನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ತಿಳಿಸಿದರು. ಬಿಲ್ಲು ಇತ್ತು. ಡಬ್ಬಿಯ ಮೇಲೆ ನೆಗೆತದ ಮಾತೇ ಇರಲಿಲ್ಲ. ಅದಿದ್ದದ್ದು ಬೋರ್ಡಿನಲ್ಲಿ ಮಾತ್ರ.

ದಿನಾಂಕ 11-02-2025, ಮಂಗಳವಾರ ಸಂಜೆ ಮತ್ತೆ ಹೋದೆವು. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದು ಕಂಪನಿಯವರು ಹೇಳಿದ್ದಾರೆಂದೂ, ಬೇರೆ ಬೋರ್ಡು ಕಳಿಸುತ್ತಾರೆಂದೂ, ಈ ವಾರದಲ್ಲೇ ಹಳೆಯದನ್ನು ತೆಗೆಯಬೇಕೆಂದೂ ಸುನೀಲಕುಮಾರ ಅವರು ಹೇಳಿದರು. ಅದನ್ನು ಮುಚ್ಚಿಡದೆ ಹೇಳಿದ್ದು ಅವರ ಒಳ್ಳೆಯತನ. ನಾನು ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೆಗೆದೆ. ಎದುರಿನ ಅಂಗಡಿಯ ದೀಪ ಫ್ಲೆಕ್ಸಿನ ಮೇಲೆ ಬಿದ್ದು ಮೂರನೆಯ ಸಾಲು ಬೆಳ್ಳಗಾಗಿ ಬಂತು. ಮನೆಗೆ ಬಂದ ಮೇಲೆ ಅದು ಗೊತ್ತಾಯಿತು.

ಊಟಕ್ಕೆ ಕುಳಿತಾಗ ನಾನು, ಇಂಥ ಫೋಟೊ ಸಾಲದೆ ಹೋಗಬಹುದು, ಅಸಲು ಬೋರ್ಡೇ ಇದ್ದಿದ್ದರೆ ಯಾರೂ ಇಲ್ಲ ಎನ್ನುವಂತಿರಲಿಲ್ಲ ಎಂದೆ. ಪೂರ್ತಿ ಖಚಿತವಾಗುವವರೆಗೆ ಎಲ್ಲವನ್ನೂ ಮುಂದಕ್ಕೆ ಹಾಕುವವಳು ನಾನು. ಮರುದಿನ ಹಗಲು ಹೋಗಿ ಇನ್ನೊಂದು ಫೋಟೊ ತೆಗೆದಿದ್ದರೆ ಸಾಕಿತ್ತು. ಬುಧವಾರ ಕ್ಲಿನಿಕ್ಕಿನಲ್ಲಿ ಜನ ಹೆಚ್ಚಿದ್ದರು, ಹೋಗಲಿಲ್ಲ. ಅಂದು ಅತ್ತೆಯವರು ನನ್ನ ಮಾತು ಕೇಳಿ ಮಜ್ಜಿಗೆ ಹಾಕಿಸಿಕೊಂಡರು. ಆ ಮಾತನ್ನು ಅವರು ನನ್ನ ಸಲಹೆ ಎಂದು ತಿಳಿದದ್ದು ನನಗೆ ಎರಡು ದಿನದ ಮೇಲೆ ತಿಳಿಯಿತು.

ದಿನಾಂಕ 13-02-2025, ಗುರುವಾರ, ಅಂದರೆ ನಿನ್ನೆ, ನಾನು ಮಧ್ಯಾಹ್ನ 2 ಗಂಟೆಯಿಂದ ಕ್ಲಿನಿಕ್ಕಿನಲ್ಲಿದ್ದೆ. ಇಲ್ಲಿಂದ ಮುಂದಿನದು ಬಷೀರುನ್ನೀಸಾ ಅವರ ಮಗ ಶಬ್ಬೀರ್, ವಯಸ್ಸು 41 ವರ್ಷ, ನನಗೆ ಹೇಳಿದ್ದು. ಅತ್ತೆಯವರು ಅದನ್ನು ಕೇಳಿ ಹೌದು ಎಂದಿದ್ದಾರೆ.

ಶಬ್ಬೀರ್ ಕಮಲಾಪುರದಿಂದ ಕೆಂಪು ಬಾಳೆಹಣ್ಣನ್ನು ಗೂಡ್ಸ್ ಗಾಡಿಯಲ್ಲಿ ಕಲಬುರಗಿಯ ಮಾರುಕಟ್ಟೆಗೆ ತಂದು ಹಾಕಿ, ಮಧ್ಯಾಹ್ನ ಖಾಲಿ ಬುಟ್ಟಿಗಳೊಂದಿಗೆ ವಾಪಸ್ ಹೋಗುತ್ತಾನೆ. ಅತ್ತೆಯವರು ಅವನಿಗೆ ಫೋನು ಮಾಡಿ ಮನೆಗೆ ಕರೆಸಿಕೊಂಡು, ಮುಂದಿನ ಸೀಟಿನಲ್ಲಿ ಕುಳಿತು ಅಂಗಡಿಯ ಹತ್ತಿರ ಹೋಗಿದ್ದಾರೆ. ಆಗ ಸುಮಾರು 3 ಗಂಟೆ. ಸುನೀಲಕುಮಾರ ಅವರು ಊಟಕ್ಕೆ ಹೋಗಿದ್ದರಿಂದ ಶಟರ್ ಇಳಿದಿತ್ತು. ಅತ್ತೆಯವರು ತಮ್ಮ ಹಳೆಯ ಬ್ಯಾಂಡೇಜ್ ಕತ್ತರಿಯನ್ನು ಕೈಚೀಲದಿಂದ ತೆಗೆದು ಬೋರ್ಡಿನ ಹಗ್ಗ ಕತ್ತರಿಸಿದ್ದಾರೆ. ಶಬ್ಬೀರ್ ಹಿಂಜರಿದನಂತೆ.

"ನರ್ಸಮ್ಮಾ, ಇದು ಕಳವಾಗಂಗಿಲ್ಲೇನ್ರಿ?"

"ಕಳವು ಮಾಡೋರು ಹೆಸರು ಬರ್ದಿಟ್ಟು ಹೋಗ್ತಾರೇನೊ? ನಿನ್ನನ್ನ ಭೂಮಿಗಿ ಇಳಿಸಿದಾಕಿ ನಾ. ಹಿಡಿ ಆ ಕಡಿ."

ಅವನು ಹಿಡಿದನು. ಗಾಡಿಗೆ ಹಾಕುವ ಮೊದಲು ಅತ್ತೆಯವರು ಶಟರಿನ ಕೆಳಗೆ ಒಂದು ಚೀಟಿ ತೂರಿಸಿದ್ದಾರೆ. ಅದನ್ನು ಸುನೀಲಕುಮಾರ ಅವರು ತಮ್ಮ ದೂರಿನ ಜೊತೆ ಕೊಟ್ಟಿದ್ದಾರೆ. ಕಟ್ಟಿಗೆ ಫ್ರೇಮಿನ ಬೋರ್ಡು ಒಂದು, ಸುಸ್ಥಿತಿಯಲ್ಲಿ, ಗ್ರಾಹಕರ ಆಯೋಗದ ಕೆಲಸಕ್ಕೆ ತಾತ್ಕಾಲಿಕವಾಗಿ ಪಡೆದಿದ್ದೇನೆ, ಕೆಲಸ ಮುಗಿದ ಕೂಡಲೇ ವಾಪಸ್ ಮಾಡಲಾಗುವುದು ಎಂದು ಬರೆದು, ಕೆಳಗೆ ಹೆಸರು, ವಯಸ್ಸು, ಮನೆ ವಿಳಾಸ, ಫೋನ್ ನಂಬರು ಹಾಕಿ ಸಹಿ ಮಾಡಿದ್ದಾರೆ. ಅಕ್ಷರ ಅವರದೇ. ಸಹಿಯೂ ಅವರದೇ.

ಈ ಚೀಟಿಯ ಬಗ್ಗೆ ಹೇಳಬೇಕಾದದ್ದಿದೆ. ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಡಬ್ಬಿಯೋ ಗ್ಲೂಕೋಸ್ ಬಾಟಲಿಯೋ ಕಡಿಮೆ ಬಿದ್ದರೆ ಪಕ್ಕದ ಊರಿನ ಕೇಂದ್ರದಿಂದ ತರುತ್ತಿದ್ದರು. ಅಲ್ಲಿ ಯಾರೂ ಇಲ್ಲದಿದ್ದರೆ ಕಾಯುತ್ತ ಕೂರುವಂತಿರಲಿಲ್ಲ, ಏನು ಒಯ್ದೆವೆಂದು ಇಂಡೆಂಟ್ ಚೀಟಿ ಬರೆದಿಟ್ಟು ಸಾಮಾನು ಎತ್ತಿಕೊಂಡು ಬರುತ್ತಿದ್ದರು. ಅತ್ತೆಯವರು ನೌಕರಿಯುದ್ದಕ್ಕೂ ಮಾಡಿದ್ದು ಹೀಗೆಯೇ. ಅವರ ಪ್ರಕಾರ ಇಂಡೆಂಟ್ ಬರೆದಿಟ್ಟ ಮೇಲೆ ಅದು ಕಳ್ಳತನ ಅಲ್ಲವೇ ಅಲ್ಲ. ಅಂಗಡಿಯು ಆರೋಗ್ಯ ಕೇಂದ್ರವಲ್ಲ ಎಂದು ನಾನು ವಿವರಿಸಿದೆ. ಅಂಗಡಿಯವರಿಗೆ ಇದು ಗೊತ್ತಿಲ್ಲದಿದ್ದರೆ ಈಗಲಾದರೂ ಕಲಿಯಲಿ ಎಂದರು. ಕತ್ತರಿಸಿದ ಹಗ್ಗವನ್ನು ಇಂಡೆಂಟಿನಲ್ಲಿ ಬರೆಯಲು ಬಿಟ್ಟುಹೋಗಿದೆ, ಅದನ್ನು ಇಲ್ಲಿ ಸೇರಿಸು ಎಂದು ಇಂದು ಬೆಳಿಗ್ಗೆ ಹೇಳಿ ಕಳಿಸಿದ್ದಾರೆ. ಸೇರಿಸಿದ್ದೇನೆ.

ನಿನ್ನೆ ಸಂಜೆ 5-20ಕ್ಕೆ ಠಾಣೆಯಿಂದ ನನಗೆ ಫೋನು ಬಂತು. ಅತ್ತೆಯವರ ಹೆಸರು ಹೇಳಿ, ಅವರ ಮೇಲೆ ಕಳ್ಳತನದ ದೂರು ಬಂದಿದೆ ಎಂದರು. ಮನೆಗೆ ಹೋದೆ, ಬೀಗ ಹಾಕಿತ್ತು. ಬೀಗ ತೆಗೆದು ಒಳಗೆ ನೋಡಿದೆ, ಅತ್ತೆಯವರು ಇರಲಿಲ್ಲ. ಎಪ್ಪತ್ಮೂರು ವರ್ಷದವರನ್ನು ಠಾಣೆಯಲ್ಲಿ ಕೂರಿಸುತ್ತಾರೆಯೇ, ಅವರ ಪೆನ್ಶನ್ನಿಗೆ ತೊಂದರೆಯಾಗುತ್ತದೆಯೇ ಎಂದೆಲ್ಲ ಯೋಚಿಸಿದೆ. ಒಂದು ದಿನವೂ ರಜೆಯ ಅರ್ಜಿಯಿಲ್ಲದೆ ಮನೆಯಲ್ಲಿ ಉಳಿಯದವರು. ಅವರ ಹೆಸರಿನ ಮುಂದೆ ಕಳ್ಳತನ ಎಂಬ ಪದ ಬರುತ್ತದೆಯೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಅಷ್ಟರಲ್ಲಿ ಮುನೀರಾ ಫೋನು ಮಾಡಿ, "ಅಕ್ಕಾ, ಗಾಬರಿ ಆಗಬ್ಯಾಡ್ರಿ, ನಿಮ್ಮತ್ತಿ ನಮ್ಮಲ್ಲೇ ಇದ್ದಾರ. ಒಂದು ಒಂಟೀ ಸಲುವಾಗಿ ಇಬ್ಬರದೂ ಜಗಳ ನಡದದ" ಎಂದಳು.

ಒಂಟೆ ಎಂದರೆ ಚೆಸ್ಸಿನ ಕಾಯಿ.

ನಾನು ಠಾಣೆಗೆ ಬಂದು ವಿಷಯ ಹೇಳಿದೆ. ಮೊದಲು ಬೋರ್ಡನ್ನು ತಂದು ಒಪ್ಪಿಸಿ, ಅತ್ತೆಯವರನ್ನು ವಿಚಾರಣೆಗೆ ಕರೆಯಬೇಕೇ ಎಂಬುದನ್ನು ನಾಳೆ ನಿಮ್ಮ ಹೇಳಿಕೆ ನೋಡಿ ತೀರ್ಮಾನಿಸುತ್ತೇವೆ ಎಂದು ತಿಳಿಸಿದರು. ಅಲ್ಲೇ ಇದ್ದ ಸುನೀಲಕುಮಾರ ಅವರು, ಫ್ರೇಮು ಮುರಿಯಬಾರದು, ನಾನೂ ಬರುತ್ತೇನೆ ಎಂದರು. ನನ್ನ ಕಾರಿನಲ್ಲೇ ಹೊರಟೆವು. ಕಮಲಾಪುರಕ್ಕೆ ಸುಮಾರು 38 ಕಿಲೋಮೀಟರ್. ಅರ್ಧ ದಾರಿ ದಾಟಿದೆವು. ಆಮೇಲೆ ಅವರು ಕೇಳಿದರು.

"ಮೇಡಂ, ನೀವು ಆಯೋಗಕ್ಕ ಹೋದ್ರ ನನ್ನ ಹೆಸರೂ ಬರ್ತದೇನ್ರಿ?"

ಮಾರಿದವರು ನೀವಾದ್ದರಿಂದ ಬರುತ್ತದೆ, ಬೋರ್ಡನ್ನು ಬರೆದು ಕೊಟ್ಟವರು ಯಾರೆಂದು ನೀವು ಅಲ್ಲಿ ಹೇಳಬಹುದು ಎಂದೆ. ಅಂಗಡಿ ಶುರುವಾಗಿ ಎರಡೇ ವರ್ಷವಾಗಿದೆ ಎಂದು ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು.

ನಾವು 6-45ಕ್ಕೆ ತಲುಪಿದೆವು. ಬಷೀರುನ್ನೀಸಾ ಅವರ ಅಂಗಳದಲ್ಲಿ ದೀಪ ಹಾಕಿ, ಇಬ್ಬರೂ ಎದುರುಬದುರು ಕುಳಿತಿದ್ದರು. ನಡುವೆ ಹಾಸು. ಯಂತ್ರ ಅಳಿಸಿಹಾಕಿದ ಆಟವನ್ನು ನೆನಪಿನಿಂದ ಮತ್ತೆ ಜೋಡಿಸಿದ್ದರು. ಒಂದು ಒಂಟೆ ಎಲ್ಲಿತ್ತು ಎಂಬುದರ ಮೇಲೆ ಜಗಳಾಡಿ, ನಡುವೆ ಚಹಾ ಕುಡಿದು, ಮತ್ತೆ ಜಗಳಾಡಿದ್ದಾರೆಂದು ಮುನೀರಾ ಹೇಳಿದಳು. ನಾವು ಬಂದಾಗ ಅದು ಬಗೆಹರಿದಿತ್ತು. ಯಾರು ಬಿಟ್ಟುಕೊಟ್ಟರು ಎಂದು ಕೇಳಿದೆ. ಇಬ್ಬರೂ ತಾವೇ ಎಂದರು.

ಬಷೀರುನ್ನೀಸಾ ಅವರು, "ಬಾ ಸುಜಾತಾ, ಕೂಡು. ಶಬ್ದ ಮಾಡಬ್ಯಾಡ. ನಿಮ್ಮತ್ತಿ ವಿಚಾರ ಮಾಡ್ಲಾಕತ್ತಾಳ" ಎಂದರು.

ಪೊಲೀಸರಿಗೆ ದೂರು ಹೋಗಿದೆ ಎಂದು ನಾನು ಹೇಳಿದೆ. ಅತ್ತೆಯವರು ತಲೆ ಎತ್ತಿ, "ಚೀಟಿ ಸಿಕ್ಕಿಲ್ಲೇನು?" ಎಂದರು. ಸಿಕ್ಕಿದೆ, ಅದನ್ನೇ ಹಿಡಿದುಕೊಂಡು ಹೋಗಿದ್ದಾರೆ ಎಂದೆ. ಅವರು ಸುನೀಲಕುಮಾರ ಅವರ ಮುಖ ನೋಡಿದರು. ಅತ್ತೆಯವರಿಗೆ ನೋವಾಗಿತ್ತು. ಅದನ್ನು ನಾನು ಕಂಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಸುನೀಲಕುಮಾರ ಅವರು ತಮ್ಮ ಬೋರ್ಡು ಎಲ್ಲಿ ಎಂದು ಕೇಳಿದರು.

"ಮಂಚದ ಮ್ಯಾಗ ಅದ. ಧೂಳ ಬೀಳಬಾರ್ದಂತ ಹೊಚ್ಚೀನಿ" ಎಂದರು ಅತ್ತೆಯವರು.

ಬೋರ್ಡು ಗೋಡೆಗೆ ಒರಗಿ ಮಂಚದ ಮೇಲಿತ್ತು, ಮೇಲೆ ಒಗೆದ ಚಾದರ ಇತ್ತು. ಸುನೀಲಕುಮಾರ ಅವರು ಚಾದರ ಸರಿಸಿ ನೋಡಿದರು. ಯಾವ ಹಾನಿಯೂ ಆಗಿರಲಿಲ್ಲ. ಎತ್ತಿಕೊಳ್ಳಲು ಹೋದಾಗ ಬಷೀರುನ್ನೀಸಾ ಅವರು ತಡೆದರು.

"ನೀ ಏನಪಾ ಅಂಗಡಿಯವ? ಛಲೋ ಆತು ಬಂದಿದ್ದು. ನಿನ್ನ ಮಷೀನು ನಾ ಗೆದ್ದೀನಿ ಅಂದದ. ಖೈರಾತ್ ಗೆಲುವು ನನಗ ಬ್ಯಾಡ. ಮೊದಲ ಕೂಡು, ಇದು ನೋಡು, ಆಮ್ಯಾಲ ಬೋರ್ಡ್ ಒಯ್ಯಿ."

ಅವರು ಕುಳಿತರು. ಅತ್ತೆಯವರು ಕಟ್ಟಿಗೆಯ ರಾಜನನ್ನು ಎತ್ತಿ, ತಮ್ಮದೇ ಪ್ಯಾದೆಯ ತಲೆಯ ಮೇಲಿಂದ ದಾಟಿಸಿ, ಕುದುರೆಯ ನಡೆಯಲ್ಲಿ ಆಚೆಯ ಮನೆಗೆ ಇಟ್ಟರು. ರಾಜ ಅಲ್ಲೇ ನಿಂತ. ಮೂಲೆಗೆ ಒತ್ತಿದ್ದ ವಜೀರ ಮತ್ತು ಆನೆ ಈಗ ಖಾಲಿ ಮನೆಯನ್ನು ಕಾಯುತ್ತಿದ್ದವು.

"ಇಷ್ಟೇ ತಮ್ಮಾ. ಇಷ್ಟೇ ನಾ ಕೇಳಿದ್ದು."

ಸುನೀಲಕುಮಾರ ಅವರು ಆ ರಾಜನನ್ನೇ ನೋಡುತ್ತಿದ್ದರು. "ನಮ್ಮಜ್ಜನೂ ನೆಗಸ್ತಿದ್ದ" ಎಂದರು. ಶಾಲೆಯಲ್ಲಿ ಹೇಳಿದಾಗ ಹುಡುಗರು ನಕ್ಕಿದ್ದರೆಂದೂ, ಬೋರ್ಡಿನಲ್ಲಿ ಆ ಸಾಲು ಓದಿದಾಗ ಅಜ್ಜ ಸುಳ್ಳು ಹೇಳಿರಲಿಲ್ಲ ಎನಿಸಿ ಖುಷಿಯಾಯಿತೆಂದೂ, ಅದಕ್ಕಾಗಿಯೇ ಅದನ್ನು ಎಲ್ಲಕ್ಕಿಂತ ಮುಂದೆ ಕಟ್ಟಿದ್ದೆನೆಂದೂ ಹೇಳಿದರು. ಸಾಫ್ಟ್‌ವೇರನ್ನು ತಾವು ಒಂದು ಸಲವೂ ಆಡಿ ನೋಡಿರಲಿಲ್ಲ ಎಂದೂ ಒಪ್ಪಿಕೊಂಡರು.

"ಹಂಗಾರ ನಿನಗೂ ಮೋಸ ಆಗ್ಯಾದ. ನೀ ನನ್ನ ಮ್ಯಾಲ ಯಾಕ ದೂರು ಕೊಟ್ಟಿ?" ಎಂದು ಅತ್ತೆಯವರು ಕೇಳಿದರು.

ಸುನೀಲಕುಮಾರ ಅವರು ಮುನೀರಾಳಿಂದ ಪೆನ್ನು ಕೇಳಿ ಪಡೆದು, ಬೋರ್ಡಿನ ಹಿಂದಿನ ಬಿಳಿ ಭಾಗದಲ್ಲಿ, ಈ ಬೋರ್ಡನ್ನು ಕಂಪನಿಯವರು ಕೊಟ್ಟಿದ್ದು, ಇದು ಜನವರಿ 20ರಿಂದ ಫೆಬ್ರವರಿ 13ರವರೆಗೆ ನನ್ನ ಅಂಗಡಿಯ ಮುಂದೆ ಇತ್ತು ಎಂದು ಬರೆದು ಸಹಿ ಮಾಡಿದರು. ಅತ್ತೆಯವರು ಕನ್ನಡಕ ಹಾಕಿಕೊಂಡು ಓದಿ, ಊರಿನ ಹೆಸರು ಬಿಟ್ಟಿದೆ ಎಂದರು. ಅದನ್ನೂ ಬರೆದರು. ಆಮೇಲೆ ನಾನು ದೀಪದ ಬೆಳಕು ಬೀಳದ ಹಾಗೆ ನಿಂತು ಎರಡೂ ಬದಿಯ ಫೋಟೊ ತೆಗೆದೆ. ಮೂರನೆಯ ಸಾಲು ಸ್ಪಷ್ಟವಾಗಿ ಬಂದಿದೆ.

ಆಟ ಮುಗಿಯುವವರೆಗೂ ನಾವು ಅಲ್ಲೇ ಇದ್ದೆವು. ಬೋರ್ಡು ಕಾರಿನಲ್ಲಿ ಹಿಡಿಯದ ಕಾರಣ ಶಬ್ಬೀರ್‌ನ ಗಾಡಿಯಲ್ಲಿ ಖಾಲಿ ಬುಟ್ಟಿಗಳ ನಡುವೆ ಇಟ್ಟರು. ಸುನೀಲಕುಮಾರ ಅವರು ಅದನ್ನು ಹಿಡಿದುಕೊಂಡು ಹಿಂದೆ ಕುಳಿತರು. ಬಷೀರುನ್ನೀಸಾ ಅವರು ಅವರ ಮಡಿಲಿಗೆ ಒಂದು ಚಿಪ್ಪು ಬಾಳೆಹಣ್ಣು ಹಾಕಿದರು. ಠಾಣೆಗೆ ಬಂದು ಬೋರ್ಡನ್ನು ಒಪ್ಪಿಸಿ ರಸೀದಿ ಪಡೆದಿದ್ದೇವೆ. ದೂರನ್ನು ಮುಂದುವರಿಸಲು ಇಷ್ಟವಿಲ್ಲ ಎಂದು ಸುನೀಲಕುಮಾರ ಅವರು ಬರೆದುಕೊಟ್ಟಿರುವುದಾಗಿ ಇಂದು ಭಾಗಮ್ಮ ಅವರು ತಿಳಿಸಿದ್ದಾರೆ. ಕಂಪನಿಯ ಮೇಲೆ ನಾವು ಆಯೋಗಕ್ಕೆ ಕೊಡುವ ದೂರಿನಲ್ಲಿ ತಾವೇ ಸಾಕ್ಷಿ ಹೇಳಲು ಸುನೀಲಕುಮಾರ ಅವರು ಒಪ್ಪಿದ್ದಾರೆ. ಅಲ್ಲಿ ನಾವು ಕೇಳುವುದು ಹಣವನ್ನಲ್ಲ, ಬರೆದಿದ್ದ ನೆಗೆತವನ್ನು.

ಇಷ್ಟಕ್ಕೆ ಹೇಳಿಕೆ ಮುಗಿಸಿದ್ದೆ. ಆಟ ಏನಾಯಿತು ಎಂದು ಭಾಗಮ್ಮ ಅವರು ಕೇಳಿದರು. ಅದು ದೂರಿಗೆ ಸಂಬಂಧಿಸಿದ್ದಲ್ಲ ಎಂದು ಬಿಟ್ಟಿದ್ದೆ. ಕೇಳಿದ್ದರಿಂದ ಹೇಳುತ್ತೇನೆ. ರಾಜ ನೆಗೆದ ಮೇಲೂ ಅತ್ತೆಯವರು ಸೋತರು. ಬಷೀರುನ್ನೀಸಾ ಅವರು ಆ ಮನೆಯನ್ನು ನಿಜವಾಗಿಯೂ ಮೊದಲೇ ನೋಡಿಟ್ಟಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಅತ್ತೆಯವರು ಮಗ್ಗಿ ಹೇಳಿಕೊಂಡಂತೆ ನಡೆಗಳನ್ನು ಒಂದೊಂದಾಗಿ ಹೇಳಿಕೊಂಡು ನಗುತ್ತಿದ್ದರು.

"ಸೋತು ಇಷ್ಟು ಖುಷಿ ಯಾಕ್ರಿ ಅತ್ತಿ?" ಎಂದು ಕೇಳಿದೆ.

"ಮಷೀನು ಸೋಲ್ಸಿದ್ದಲ್ಲಲ್ಲ. ಆಪಾ ಸೋಲ್ಸ್ಯಾಳ."

ಮೊಣಕಾಲು ನೋಯುತ್ತಿದೆಯೇ ಎಂದು ಕೇಳಿದೆ. ಗೂಡ್ಸ್ ಗಾಡಿ ಹತ್ತಿ ಇಳಿದವರು, ನೆಲದ ಮೇಲಿನ ಚೆಸ್ ಹಾಸಿನತ್ತ ಬಗ್ಗಿ ಕುಳಿತವರು. ಇಲ್ಲ ಎಂದರು. ಆಮೇಲೆ, "ಮೊಣಕಾಲು ನಿನ್ನ ಕೈಯಾಗ ಕೊಟ್ಟೀನಿ ಸುಜಾತಾ, ನೀ ಹೇಳ್ದಂಗ ಕೇಳೀನಿ. ಗುರುವಾರ ಕೊಟ್ಟಿಲ್ಲ" ಎಂದರು. ಮನೆಗೆ ಬಂದ ಮೇಲೆ ಮೊಣಕಾಲನ್ನು ಪರೀಕ್ಷಿಸಿದೆ. ಊತ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಬೋರ್ಡನ್ನು ಆಯೋಗದ ಕೆಲಸ ಮುಗಿಯುವವರೆಗೆ ಅಳಿಸದೆ, ಮಡಚದೆ ಕಾಪಾಡಬೇಕು. ಅತ್ತೆಯವರ ಇಂಡೆಂಟ್ ಚೀಟಿಯನ್ನು ಬೋರ್ಡಿನ ಜೊತೆಗೇ ಇಡಬೇಕು, ವಾಪಸ್ ಮಾಡುವಾಗ ಅದರ ಮೇಲೆ ಅಂಗಡಿಯವರ ಸಹಿ ಅವರಿಗೆ ಬೇಕಾಗುತ್ತದೆ. ವಿಚಾರಣೆಗೆ ಕರೆದರೆ ಅವರು ಯಾವ ದಿನವಾದರೂ ಹಾಜರಾಗುತ್ತಾರೆ, ಗುರುವಾರ ಮಾತ್ರ ಆಗುವುದಿಲ್ಲ. ಗುರುವಾರ ಅವರು ಕಮಲಾಪುರದಲ್ಲಿರುತ್ತಾರೆ. ಕರೆದುಕೊಂಡು ಹೋಗುವವಳು ನಾನು.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದ್ದು, ಇದರಲ್ಲಿ ನಾನು ಕಂಡದ್ದು ಕಂಡಂತೆಯೂ ಕೇಳಿದ್ದು ಕೇಳಿದಂತೆಯೂ ಇದೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳಿದ್ದೇನೆ. ಉಳಿದದ್ದೆಲ್ಲ ನಿಜ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಕಲಬುರಗಿ
ದಿನಾಂಕ: 14-02-2025

ಸಹಿ/-
ಸುಜಾತಾ ಗಂಡ ಆನಂದಕುಮಾರ